ಯೂರಿಯಾ ಟ್ಯಾಂಕಿನ ಹೀಟರು ಮತ್ತು ಒಂದು ಆಣೆ

ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಹೀಟರ್ ಕೆಟ್ಟಿದೆ ಎಂದರೆ ಯಾರಿಗಾದರೂ ನಗು ಬರುತ್ತದೆ. ನನಗೂ ಬಂತು. ಬೆಳಗಿನ ಹತ್ತು ಗಂಟೆಗೇ ಕಬ್ಬಿಣದ ಪಾನಾ ಮುಟ್ಟಿದರೆ ಕೈ ಚುರ್ ಎನ್ನುವ ಬಿಸಿಲು. ಅಕ್ಕಿ ಮಿಲ್ಲಿನ ಹತ್ತು ಗಾಲಿಯ ಲಾರಿ ನನ್ನ ರಿಪೇರಿ ಅಂಗಡಿ ಮುಂದೆ ನಿಂತಿತ್ತು. ಎಂಜಿನ್ ದೀಪ ಹತ್ತಿದೆ ಎಂದು ಡ್ರೈವರ್ ತಂದಿದ್ದ. ಸ್ಕ್ಯಾನರ್ ಚುಚ್ಚಿ ನೋಡಿದರೆ ಯೂರಿಯಾ ಟ್ಯಾಂಕಿನ ಹೀಟರಿಗೆ ಕರೆಂಟು ಸರಿಯಾಗಿ ಹೋಗುತ್ತಿಲ್ಲ ಎಂಬ ಕೋಡ್ ಬಂತು.

"ಯಣ್ಣಾ, ನಿಮ್ಮ ಗಾಡಿಗಿ ಥಂಡಿ ಹತ್ಯಾದ ನೋಡ್ರಿ. ಒಂದು ಕಂಬಳಿ ಹೊಚ್ರಿ" ಎಂದೆ.

"ಕಂಬಳಿ ಮನ್ಯಾಗ ಬೇಕಾದಷ್ಟು ಅದಾವ. ಗಾಡಿ ಓಡಬೇಕಲ್ರಿ ಮೇಸ್ತ್ರಿ, ಅದನ್ನ ನೋಡ್ರಿ" ಎಂದು ಆತ ನೆರಳಿಗೆ ಹೋಗಿ ಕೂತ. ಹಿರೇಕೊಟ್ನೆಕಲ್ಲಿನ ಕುರಿಗಾರರ ಮನೆಯವ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವ. ಹದಿನೈದು ವರ್ಷದಿಂದ ಅದೇ ಮಿಲ್ಲಿನ ಲಾರಿ ಓಡಿಸುತ್ತಿದ್ದ. ಮಾತು ಕಡಿಮೆ. ಆಡಿದರೆ ಹೀಗೆ ಒಂದೇ ಏಟಿಗೆ ಬಾಯಿ ಮುಚ್ಚಿಸುವಂತೆ ಆಡುವವ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಈಗಿನ ಹೊಸ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ಇನ್ನೊಂದು ಸಣ್ಣ ಟ್ಯಾಂಕ್ ಇರುತ್ತದೆ. ಅದರಲ್ಲಿ ಡೆಫ್ ಎಂಬ ದ್ರವ, ಶುದ್ಧ ನೀರಿನಲ್ಲಿ ಶುದ್ಧ ಯೂರಿಯಾ ಕರಗಿಸಿ ಮಾಡಿದ್ದು. ನಮ್ಮ ಕಡೆ ಎಲ್ಲರೂ ಅದಕ್ಕೆ ಯೂರಿಯಾ ಎಂದೇ ಅನ್ನುತ್ತಾರೆ. ಹೊಗೆ ಕೊಳವೆಯೊಳಗೆ ಅದನ್ನು ಚಿಮುಕಿಸಿದರೆ ಹೊಗೆಯ ವಿಷ ಕಡಿಮೆಯಾಗುತ್ತದೆ. ಹಿಮ ಬೀಳುವ ಕಡೆ ಅದು ಹೆಪ್ಪುಗಟ್ಟುತ್ತದೆ, ಅದಕ್ಕಾಗಿ ಟ್ಯಾಂಕಿಗೂ ಪೈಪಿಗೂ ಹೀಟರ್ ಇಟ್ಟಿರುತ್ತಾರೆ. ರಾಯಚೂರಿನಲ್ಲಿ ಆ ಹೀಟರಿಗೆ ಹುಟ್ಟಿದಾಗಿನಿಂದ ಕೆಲಸವಿಲ್ಲ. ಆದರೆ ಲಾರಿಯ ಕಂಪ್ಯೂಟರಿಗೆ ತಾನು ಯಾವ ಊರಲ್ಲಿದ್ದೇನೆ ಎಂಬುದು ಬೇಕಾಗಿಲ್ಲ. ಚಾವಿ ತಿರುವಿದಾಗಲೆಲ್ಲ ಹೀಟರಿಗೆ ಒಂದು ಕ್ಷಣ ಕರೆಂಟು ಬಿಟ್ಟು ಪರೀಕ್ಷೆ ಮಾಡುತ್ತದೆ. ಸರಿಯಿಲ್ಲದಿದ್ದರೆ ದೀಪ ಹಚ್ಚುತ್ತದೆ. ಕೆಲವು ತಾಸು ಕಾದು ಎಂಜಿನ್ನಿನ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಆಮೇಲೆ ತುಂಬಿದ ಲಾರಿ ಎತ್ತಿನ ಬಂಡಿಯ ಹಿಂದೆ ಹೋಗಬೇಕಾಗುತ್ತದೆ.

ಮೊದಲ ದಿನ ನಾನು ಮಾಡಬೇಕಾದದ್ದನ್ನೆಲ್ಲ ಕ್ರಮವಾಗಿಯೇ ಮಾಡಿದೆ. ಟ್ಯಾಂಕಿನ ಬಳಿ ಹೀಟರಿನ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದೆ. ಹೀಟರಿನೊಳಗಿನ ತಂತಿ ತುಂಡಾಗಿರಲಿಲ್ಲ, ಅಳತೆ ಸರಿಯಿತ್ತು. ಹೀಟರಿಗೆ ಕರೆಂಟು ಬಿಡುವ ರಿಲೇಯನ್ನು ಕಿತ್ತು ಹೊಸದು ಹಾಕಿದೆ. ರಿಲೇಯವರೆಗೆ ಬರುವ ವೈರಿನಲ್ಲಿ ವೋಲ್ಟೇಜ್ ನೋಡಿದೆ, ಇಪ್ಪತ್ನಾಲ್ಕರ ಮೇಲೆಯೇ ತೋರಿಸಿತು. ಫ್ಯೂಸ್ ಗಟ್ಟಿ. ಅರ್ಥಿಂಗ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿದೆ. ಕೋಡ್ ಅಳಿಸಿದೆ. ದೀಪ ಹೋಯಿತು. ರಿಲೇ ಹೋಗಿತ್ತು ಎಂದು ಗತ್ತಿನಿಂದ ಹೇಳಿ ಕಳಿಸಿದೆ. ಲಾರಿ ಮಾನ್ವಿ ಮುಟ್ಟುವ ಮುಂಚೆಯೇ ಫೋನ್ ಬಂತು.

"ಮೇಸ್ತ್ರಿ, ದೀಪ ಮತ್ತ ಹತ್ತೇತ್ರಿ."

ಎರಡನೆಯ ಸಲ ಬಂದಾಗ ಮತ್ತೆ ಎಲ್ಲ ಅಳೆದೆ. ಮತ್ತೆ ಎಲ್ಲ ಸರಿಯಿತ್ತು. ಮೀಟರಿಗೆ ದೋಷ ಕಾಣುತ್ತಿಲ್ಲ, ಲಾರಿಯಲ್ಲಿ ದೋಷವಿದೆ. ಈ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಸರ್ವಿಸ್ ಸೆಂಟರಿನ ಪರಿಚಯದ ಹುಡುಗನಿಗೆ ತೋರಿಸಿದರೆ ಅವನು ಲ್ಯಾಪ್‌ಟಾಪ್ ನೋಡಿ, "ಟ್ಯಾಂಕಿನ ಹೀಟರ್ ಸೆಟ್ ಬದ್ಲಿ ಮಾಡ್ರಿ, ಪಾರ್ಟ್ ಬರಾಕ ಒಂದು ವಾರ ಆಗ್ತದ" ಎಂದು ಕೈ ತೊಳೆದುಕೊಂಡ. ಸರಿಯಿರುವ ಹೀಟರನ್ನು ಯಾಕೆ ಬದಲಿಸಬೇಕು ಎಂದು ಕೇಳಿದೆ. ಕಂಪ್ಯೂಟರ್ ಹಾಗೆ ಹೇಳುತ್ತದೆ ಎಂದ.

ಅಷ್ಟರಲ್ಲಿ ಮಿಲ್ಲಿನ ಸಾವ್ಕಾರರು ತಾವೇ ಅಂಗಡಿಗೆ ಬಂದರು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಕೂಲಿಯಾಳಿಗೂ ಬರ್ರಿ ಹೋಗ್ರಿ ಎಂದು ಮಾತಾಡುವವರು. ಅವರು ಎಂದೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ.

"ಯೂರಿಯಾದಾಗ ಏನರ ಕಲಬೆರಿಕಿ ಆಗಿರಬಹುದೇನ್ರಿ ಮೇಸ್ತ್ರಿ?" ಎಂದು ಕೇಳಿದರು.

ಇಲ್ಲ ಎನ್ನಬೇಕಿತ್ತು. ದ್ರವ ಕೆಟ್ಟಿದ್ದರೆ ಬೇರೆ ಕೋಡ್ ಬರುತ್ತದೆ, ಇದು ಕರೆಂಟಿನ ಕೋಡ್ ಎಂದು ಹೇಳಬೇಕಿತ್ತು. ಆದರೆ ಎರಡು ದಿನದಿಂದ ನನ್ನ ಕೈ ಸೋತಿತ್ತು. ಗೊತ್ತಾಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಲು ಇಪ್ಪತ್ತು ವರ್ಷದ ಮೇಸ್ತ್ರಿಗೆ ನಾಚಿಕೆ. "ಆಗಿರಬಹುದ್ರಿ. ಒಮ್ಮೆ ಖಾಲಿ ಮಾಡಿ ನೋಡೋಣು" ಎಂದುಬಿಟ್ಟೆ. ಹೊತ್ತು ಕಳೆಯಲು ಆಡಿದ ಮಾತು ಅದು. ಇವತ್ತಿಗೂ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮರುದಿನ ಕ್ಯಾಬಿನ್ ಮುಂದಕ್ಕೆ ಎತ್ತಿ ನಿಲ್ಲಿಸಿ, ಪೈಪುಗಳನ್ನು ಬಿಚ್ಚಿ, ಟ್ಯಾಂಕ್ ಇಳಿಸಿ ಬರಿದು ಮಾಡಿದೆ. ತಳದಲ್ಲಿ ಬಿಳಿ ಹರಳು ಅಂಟಿತ್ತು. ದ್ರವ ಒಣಗಿದಲ್ಲೆಲ್ಲ ಅಂಥ ಹರಳು ಕಟ್ಟುವುದು ಸಹಜ, ಎಲ್ಲ ಲಾರಿಗಳಲ್ಲೂ ಇರುತ್ತದೆ. ಸಾವ್ಕಾರರು ಅದನ್ನು ಬೆರಳಿನಿಂದ ತೆಗೆದು ನೋಡಿದರು. ಹೊಲ ಇದ್ದವರು. ಗೊಬ್ಬರದ ಚೀಲದಲ್ಲಿರುವ ಯೂರಿಯಾ ಹೇಗಿರುತ್ತದೆ ಎಂದು ಅವರಿಗೆ ಗೊತ್ತು. ಹೊಲಕ್ಕೆ ಹಾಕುವ ಯೂರಿಯಾವನ್ನೇ ಸಾದಾ ನೀರಿನಲ್ಲಿ ಕರಗಿಸಿ ಟ್ಯಾಂಕಿಗೆ ಸುರಿದು, ಕಂಪನಿಯ ಡಬ್ಬಿಗಳನ್ನು ಹೊರಗೆ ಮಾರುವ ಡ್ರೈವರುಗಳ ಸುದ್ದಿ ನಮ್ಮ ಕಡೆ ಹೊಸದಲ್ಲ. ಸಾವ್ಕಾರರು ಬೆರಳನ್ನು ಪಂಚೆಗೆ ಒರೆಸಿಕೊಂಡರು.

ಹೊಸ ದ್ರವ ತುಂಬಿ, ಕ್ಯಾಬಿನ್ ಇಳಿಸಿ, ಚಾವಿ ತಿರುವಿದೆ. ದೀಪ ಹತ್ತಲಿಲ್ಲ. ಮೂರು ದಿನ ಓಡಿಸಿದರೂ ಹತ್ತಲಿಲ್ಲ. ಹೆಂಗೋ ಸರಿಯಾಯಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ಆ ಮೂರು ದಿನದಲ್ಲಿ ಸಾವ್ಕಾರರ ಮನಸ್ಸಿನಲ್ಲಿ ಏನು ಗಟ್ಟಿಯಾಗುತ್ತಿದೆ ಎಂದು ಯೋಚಿಸಲೇ ಇಲ್ಲ.

ನಾಲ್ಕನೆಯ ದಿನ ನನ್ನನ್ನು ಮಿಲ್ಲಿನ ಆಫೀಸಿಗೆ ಕರೆಸಿದರು. ಡ್ರೈವರ್ ಆಗಲೇ ನಿಂತಿದ್ದ. ಆ ಮಿಲ್ಲಿನಲ್ಲಿ ಒಂದು ಪದ್ಧತಿಯಿದೆ. ಚೀಲ ಕಡಿಮೆ ಬಂದರೂ, ಹಮಾಲರಲ್ಲಿ ತಂಟೆಯಾದರೂ ಪೊಲೀಸರ ಬಳಿ ಹೋಗುವುದಿಲ್ಲ. ಸಾವ್ಕಾರರ ಪೂಜೆಯ ವಿಭೂತಿ ಗಟ್ಟಿಯನ್ನು ತಟ್ಟೆಯಲ್ಲಿಟ್ಟು ಮುಂದೆ ಸರಿಸುತ್ತಾರೆ. ಅದನ್ನು ಮುಟ್ಟಿ ಹೇಳಿದ ಮಾತೇ ಕೊನೆ. ಮುಟ್ಟಿ ಹೇಳಿದವನನ್ನು ಆಮೇಲೆ ಯಾರೂ ಅನುಮಾನಿಸುವಂತಿಲ್ಲ, ಸಾವ್ಕಾರರೂ ಸಹ.

"ತಮ್ಮಾ, ನನಗ ಜಗಳ ಬ್ಯಾಡ" ಎಂದರು ಸಾವ್ಕಾರರು, ಆತನೊಂದಿಗಿನ ಹಳೆಯ ಸಲಿಗೆಯಲ್ಲಿ. "ಈ ಇಬತ್ತಿ ಮುಟ್ಟಿ ಒಂದು ಮಾತು ಹೇಳು. ಕಂಪನಿ ಡಬ್ಬಿ ಬಿಟ್ಟು ಯಾವತ್ತೂ ಬ್ಯಾರೆ ಯೂರಿಯಾ ಹಾಕಿಲ್ಲ ಅಂತ. ಮುಗೀತು. ಹೋಗಿ ಗಾಡಿ ಹತ್ತು."

ಆತ ತಟ್ಟೆಯನ್ನು ನೋಡುತ್ತ ನಿಂತ. ಗೋಡೆಯ ಮೇಲಿನ ಫ್ಯಾನು ಎರಡು ಸುತ್ತು ಆ ಕಡೆ ಈ ಕಡೆ ತಿರುಗುವಷ್ಟು ಹೊತ್ತು. ಕೈ ಮುಂದೆ ಬರಲಿಲ್ಲ.

"ಮುಟ್ಟಂಗಿಲ್ರಿ ಸಾವ್ಕಾರ್ರ."

"ಯಾಕ?"

ಆತ ಜೇಬಿನಿಂದ ಲಾರಿಯ ಚಾವಿ ತೆಗೆದ. "ಕೋಡ್ ಕರೆಂಟಿನದ್ರಿ, ಯೂರಿಯಾದ್ದಲ್ಲ" ಎಂದು ನಾನು ನಡುವೆ ಬಾಯಿ ಹಾಕಿದೆ. "ಹಂಗಿದ್ರ ಯೂರಿಯಾ ಬದ್ಲಿ ಮಾಡಿದ ಕೂಡ್ಲೆ ದೀಪ ಯಾಕ ಹೋತ್ರಿ?" ಎಂದು ಸಾವ್ಕಾರರು ಮೆಲ್ಲಗೆ ಕೇಳಿದರು. ಡ್ರೈವರ್ ಆ ಚಾವಿಯನ್ನು ಮೇಜಿನ ಮೇಲೆ ಇಟ್ಟು, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದ.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಅಂಗಡಿಯಲ್ಲಿ ಒಂದು ದೇವರ ಫೋಟೋ ಇಲ್ಲವೆಂದು ಅದೇ ಡ್ರೈವರ್ ನನ್ನನ್ನು ಎಷ್ಟೋ ಸಲ ಬೈದಿದ್ದಾನೆ. ಹಿಂದೆಯೇ ಓಡಿಹೋಗಿ ಗೇಟಿನ ಹತ್ತಿರ ಹಿಡಿದು, "ಯಣ್ಣಾ, ಒಂದು ಚಿಟಿಕಿ ಬೂದಿ ಅದು. ಮುಟ್ಟಿ ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಸಿಟ್ಟು ಮಾಡಿದೆ. ಆತ ನನ್ನ ಹೆಗಲ ಮೇಲೆ ಕೈಯಿಟ್ಟು, ಬಸ್ ಸ್ಟ್ಯಾಂಡಿನ ಆಟೋ ಹತ್ತಿದ.

ಹತ್ತು ದಿನ ಕಳೆಯಿತು. ಆತನಿಗೆ ಬೇರೆ ಮಿಲ್ಲಿನಲ್ಲಿ ಕೆಲಸ ಸಿಗಲಿಲ್ಲ ಎಂದು ಕೇಳಿದೆ. ವಿಭೂತಿ ಮುಟ್ಟಲಿಲ್ಲವಂತೆ ಎಂಬ ಸುದ್ದಿ ಆತನಿಗಿಂತ ಮೊದಲು ಎಲ್ಲ ಮಿಲ್ಲುಗಳ ಗೇಟು ದಾಟಿತ್ತು. ಹನ್ನೊಂದನೆಯ ದಿನ ಹೊಸ ಡ್ರೈವರನ ಫೋನ್. ಲಾರಿ ದೇವದುರ್ಗದ ಈಚೆ ನಿಂತಿದೆ, ದೀಪ ಹತ್ತಿದೆ, ತುಂಬಿದ ಭತ್ತದ ಲೋಡು, ಏರು ಹತ್ತುತ್ತಿಲ್ಲ.

ಮೀಟರು, ಸ್ಕ್ಯಾನರು ಚೀಲಕ್ಕೆ ಹಾಕಿಕೊಂಡೆ. ಹೊರಡುವಾಗ ಗೋಡೆಯ ಮೊಳೆಗೆ ತೂಗುಹಾಕಿದ್ದ ಬಲ್ಬನ್ನೂ ಎತ್ತಿಕೊಂಡೆ. ಹಳೆಯ ಕಾಲದ ನಮ್ಮ ಆಯುಧ ಅದು. ಹೆಡ್‌ಲೈಟಿನ ಬಲ್ಬಿಗೆ ಎರಡು ಉದ್ದ ವೈರು ಕಟ್ಟಿದ್ದು. ಹೊಸ ಲಾರಿಗಳಿಗೆ ಬಲ್ಬ್ ಹಿಡಿಯಬೇಡಿ, ಕಂಪ್ಯೂಟರ್ ಸುಟ್ಟೀತು ಎಂದು ಟ್ರೇನಿಂಗಿನಲ್ಲಿ ಹೆದರಿಸಿದ್ದರು. ಅಂದಿನಿಂದ ಅದನ್ನು ಮುಟ್ಟಿರಲಿಲ್ಲ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಮೀಟರು ವೋಲ್ಟೇಜ್ ನೋಡುತ್ತದೆ, ಆದರೆ ವೈರಿನ ಮೇಲೆ ಭಾರ ಹಾಕುವುದಿಲ್ಲ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರಿಗೆ ಇಪ್ಪತ್ನಾಲ್ಕು ಕಾಣುತ್ತದೆ. ಹೀಟರ್ ಎಂಬುದು ಕರೆಂಟು ಎಳೆಯುವ ರಾಕ್ಷಸ. ಅದು ಎಳೆದಾಗ ಆ ಎಳೆ ತಾಳುತ್ತದೆಯೇ? ಅದನ್ನು ಬಲ್ಬ್ ಮಾತ್ರ ಹೇಳಬಲ್ಲದು.

ರಸ್ತೆ ಬದಿಯ ಜಾಲಿ ಗಿಡದ ನೆರಳು ಲಾರಿಗೆ ಸಾಲುತ್ತಿರಲಿಲ್ಲ. ಮೊದಲು ಬ್ಯಾಟರಿ ವೈರು ಬಿಚ್ಚಿ, ಕಂಪ್ಯೂಟರಿನ ಕನೆಕ್ಟರನ್ನೇ ಎಳೆದು ಬೇರೆ ಮಾಡಿದೆ. ಈಗ ಏನು ಸುಟ್ಟರೂ ಅದು ಸುಡುವುದಿಲ್ಲ. ಬ್ಯಾಟರಿ ಮತ್ತೆ ಜೋಡಿಸಿ, ರಿಲೇ ಕಿತ್ತು, ಅದಕ್ಕೆ ಕರೆಂಟು ತರುವ ಸಾಕೆಟ್ಟಿಗೆ ಬಲ್ಬಿನ ಒಂದು ವೈರು, ಇನ್ನೊಂದನ್ನು ನೇರ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದೆ. ಬಲ್ಬು ಬೆಳಗಲಿಲ್ಲ. ಒಳಗಿನ ತಂತಿ ಬೀಡಿಯ ತುದಿಯಂತೆ ಕೆಂಪಗಾಗಿ ಸುಮ್ಮನಾಯಿತು. ಜೊತೆಗೆ ಮೀಟರ್ ಹಿಡಿದರೆ ಇಪ್ಪತ್ನಾಲ್ಕು ಇದ್ದದ್ದು ಐದಕ್ಕೆ ಕುಸಿದಿತ್ತು. ಫ್ಯೂಸಿನ ಬಳಿ ಹೋಗಿ ಹಿಡಿದೆ. ಬಲ್ಬು ಕಣ್ಣು ಕುಕ್ಕುವಂತೆ ಹತ್ತಿತು. ಅಂದರೆ ದೋಷ ಫ್ಯೂಸಿಗೂ ರಿಲೇಗೂ ನಡುವಿನ ನಾಲ್ಕು ಮೊಳ ವೈರಿನಲ್ಲಿದೆ.

ನನಗೆ ಆದ ಖುಷಿ ಹೇಳತೀರದು. "ಸಿಕ್ತು ನೋಡಪಾ ಮಗಂದು!" ಎಂದು ಹೊಸ ಡ್ರೈವರನಿಗೆ ಕೂಗಿ ಹೇಳಿ, ಕ್ಯಾಬಿನ್ ಎತ್ತಿಸಿ ವೈರಿನ ಗೊಂಚಲನ್ನು ಬೆರಳಿನಿಂದ ಸವರುತ್ತ ಹೋದೆ. ಕ್ಯಾಬಿನ್ ಎತ್ತುವಾಗ ವೈರು ಮಡಚುವ ಜಾಗದಲ್ಲಿ ಒಂದು ಉಬ್ಬು ಸಿಕ್ಕಿತು. ಕರಿ ಟೇಪು ಸುತ್ತಿದ್ದ ಜಾಗ. ಟೇಪಿನ ತುದಿಗೆ ಬಿಳಿ ನೂಲು ಬಿಗಿದು ಎರಡು ಗಂಟು ಹಾಕಿತ್ತು.

ಅಲ್ಲಿಯೇ ನನ್ನ ಕೈ ನಿಂತಿತು. ನಮ್ಮ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ತುದಿಗೆ ನೂಲು ಕಟ್ಟಿ ಎರಡು ಗಂಟು ಹಾಕುವುದು ನನ್ನ ಪದ್ಧತಿ. ರಾಯಚೂರಿನಲ್ಲಿ ಹಾಗೆ ಕಟ್ಟುವ ಮೇಸ್ತ್ರಿ ನಾನೊಬ್ಬನೇ ಎಂದು ಜಂಬ ಕೊಚ್ಚಿಕೊಂಡವನೂ ನಾನೇ.

ಆಗ ನೆನಪಾಯಿತು. ಹೋದ ವರ್ಷದ ಬೇಸಿಗೆಯಲ್ಲಿ ಕ್ಯಾಬಿನ್ನಿನಲ್ಲಿ ಸೆಕೆ ತಡೆಯಲಾಗುತ್ತಿಲ್ಲ ಎಂದು ಆತನಿಗೆ ಒಂದು ಸಣ್ಣ ಫ್ಯಾನು ಹಾಕಿಕೊಟ್ಟಿದ್ದೆ. ಅದಕ್ಕೆ ಕರೆಂಟು ಎಲ್ಲಿಂದ ತೆಗೆಯುವುದು ಎಂದು ಹುಡುಕುವಾಗ ಈ ದಪ್ಪ ವೈರು ಕಂಡಿತ್ತು. ಹೀಟರಿನ ವೈರು. ಈ ಊರಿಗೆ ಹೀಟರ್ ಯಾಕೆ ಬೇಕು, ಸುಮ್ಮನೆ ಬಿದ್ದಿರುವ ವೈರು ಫ್ಯಾನಿಗಾದರೂ ಆಗಲಿ ಎಂದು ಬ್ಲೇಡಿನಿಂದ ನಡುವೆ ಸುಲಿದು, ಫ್ಯಾನಿನ ವೈರು ಹೆಣೆದು, ಟೇಪು ಸುತ್ತಿದ್ದೆ. ಅಂಥ ಫ್ಯಾನುಗಳನ್ನು ಎಷ್ಟು ಲಾರಿಗೆ ಹಾಕಿದ್ದೇನೋ ಲೆಕ್ಕವಿಲ್ಲ, ಹಾಗಾಗಿ ಮರೆತೂ ಹೋಗಿತ್ತು. ಟೇಪು ಬಿಚ್ಚಿದೆ. ಸುಲಿಯುವಾಗ ನನ್ನ ಬ್ಲೇಡು ವೈರಿನ ಎಳೆಗಳಿಗೂ ತಾಗಿತ್ತು. ಒಂದು ವರ್ಷದ ಕುಲುಕಾಟದಲ್ಲಿ ಒಂದೊಂದೇ ತುಂಡಾಗಿ ಈಗ ಮೂರೋ ನಾಲ್ಕೋ ಎಳೆ ಉಳಿದಿದ್ದವು. ಫ್ಯಾನು ಹೆಣೆದದ್ದು ಫ್ಯೂಸಿನ ಕಡೆಯ ಭಾಗಕ್ಕೆ, ಹಾಗಾಗಿ ಅದು ಆರಾಮಾಗಿ ತಿರುಗುತ್ತಲೇ ಇತ್ತು. ಟ್ಯಾಂಕ್ ಖಾಲಿ ಮಾಡಿದ ದಿನ ಕ್ಯಾಬಿನ್ ಎತ್ತಿ ಇಳಿಸಿದಾಗ ತುಂಡಾದ ಎಳೆಗಳು ಒಂದಕ್ಕೊಂದು ತಾಗಿ ಕೂತಿದ್ದವು, ಅದಕ್ಕೇ ದೀಪ ಹೋಗಿತ್ತು. ಯೂರಿಯಾಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ವೈರು ಕತ್ತರಿಸಿ, ಹೊಸ ತುಂಡು ಹಾಕಿ, ಬೆಸೆದು, ಮುಚ್ಚಿದೆ. ಬಲ್ಬು ಪೂರ್ತಿ ಬೆಳಗಿತು. ಕೋಡ್ ಅಳಿಸಿದೆ. "ಏನಾಗಿತ್ರಿ?" ಎಂದು ಹೊಸ ಡ್ರೈವರ್ ಕೇಳಿದಾಗ "ವೈರ್ ಲೂಸ್ ಇತ್ತು" ಎಂದೆ. ಅಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಬಿಡಬೇಕೆಂದು ಅನ್ನಿಸಿತು ಸಹ. ಲಾರಿ ಹೋದ ಮೇಲೆ ಅದೇ ಜಾಲಿಯ ನೆರಳಲ್ಲಿ ಕೂತು, ನೂಲು ಕಟ್ಟಿದ ಆ ಟೇಪಿನ ತುಂಡನ್ನು ಎಸೆಯಲು ಎರಡು ಸಲ ಕೈ ಎತ್ತಿದೆ. ಆಮೇಲೆ ಜೇಬಿಗೆ ಹಾಕಿಕೊಂಡು ಮಾನ್ವಿಯ ದಾರಿ ಹಿಡಿದೆ.

ಹಿರೇಕೊಟ್ನೆಕಲ್ಲಿನಲ್ಲಿ ಆತ ತಮ್ಮನ ಕುರಿಗಳಿಗೆ ನೀರು ಕುಡಿಸುತ್ತಿದ್ದ. ನಾನು ಎಲ್ಲ ಹೇಳಿದೆ. ಟೇಪಿನ ತುಂಡು ತೋರಿಸಿದೆ. ಬೈಯಲಿ, ಕೊರಳಪಟ್ಟಿ ಹಿಡಿಯಲಿ ಎಂದು ಕಾದೆ. ಆತ ಆ ತುಂಡನ್ನು ತಿರುವಿ ನೋಡಿ ವಾಪಸ್ ಕೊಟ್ಟ.

"ನೀವು ಬೇಕಂತ ಮಾಡಿದ್ದಲ್ಲಲ್ರಿ. ಸೆಕಿ ಸೆಕಿ ಅಂತ ನಿಮ್ಮ ಜೀವಾ ತಿಂದಾವ ನಾನ."

"ಮತ್ತ ಇಬತ್ತಿ ಯಾಕ ಮುಟ್ಟಲಿಲ್ಲ ಯಣ್ಣಾ?"

"ಸಾವ್ಕಾರ್ರು 'ಈ ಸಲ' ಅಂತ ಕೇಳಿದ್ರ ಮುಟ್ತಿದ್ದೆ. 'ಯಾವತ್ತೂ' ಅಂದ್ರು." ಆತ ಕುರಿಯೊಂದನ್ನು ಆಚೆ ತಳ್ಳಿದ. "ಎರಡು ವರ್ಷದ ಹಿಂದ ಕಲ್ಮಲದ ಹತ್ರ ಯೂರಿಯಾ ಖಾಲಿ ಆಗಿ ನಿಂತಿದ್ದೆ. ಇನ್ನೊಬ್ಬ ಲಾರಿಯಾಂವ ತನ್ನ ಬಕೀಟಿಂದ ಒಂದಿಷ್ಟು ಸುರುವಿದ. ಅದು ಕಂಪನೀದೋ ಹೊಲದ್ದೋ ನನಗ ಗೊತ್ತಿಲ್ಲ. ಕೇಳ್ಲೂ ಇಲ್ಲ. ಗಾಡಿಗಿ ಏನೂ ಆಗಲಿಲ್ಲ, ಸಾವ್ಕಾರ್ರಿಗೆ ಹೇಳಲೂ ಇಲ್ಲ. ಅದನ್ನ ಇಟ್ಕೊಂಡು ಹೆಂಗ ಮುಟ್ಲಿ?"

ಒಂದೇ ಒಂದು ಬಕೀಟು. ಅದಕ್ಕಾಗಿ ಹದಿನೈದು ವರ್ಷದ ಕೆಲಸ ಬಿಟ್ಟು ಬಂದಿದ್ದ. ನನಗೆ ಅಳು ಬಂತು, ಸಿಟ್ಟೂ ಬಂತು.

ಬಸ್ಸಿಗೆ ಬಿಡಲು ಬಂದಾಗ ಆತ ತಾನಾಗಿಯೇ ಹೇಳಿದ, "ಕುರಿ ಹಿಂದ ತಿರಗಾಕ ಕಾಲು ಬರವಲ್ವು ಮೇಸ್ತ್ರಿ. ಸಾವ್ಕಾರ್ರಿಗೆ ಒಂದು ಮಾತು ಹೇಳಿ ನೋಡ್ರಿ. ನಿಮ್ಮ ಮಾತು ಕೇಳ್ತಾರ." ಆ ಫ್ಯಾನು ಬಿಟ್ಟರೆ, ಹದಿನೈದು ವರ್ಷದಲ್ಲಿ ಆತ ನನ್ನನ್ನು ಏನಾದರೂ ಬೇಡಿದ್ದು ಅದೊಂದೇ ಸಲ.

ಮರುದಿನ ಮಿಲ್ಲಿಗೆ ಹೋಗಿ, ಫ್ಯಾನು, ಬ್ಲೇಡು, ಎಳೆ, ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಕೊಂಡೆ. ತಪ್ಪು ನನ್ನದು, ಶಿಕ್ಷೆ ಆತನಿಗಾಯಿತು ಎಂದೆ. ಸಾವ್ಕಾರರು ಚಹಾ ತರಿಸಿದರು. ಪೂರ್ತಿ ಕೇಳಿದರು.

"ವೈರ್ ನಿಮ್ಮದು, ಒಪ್ಪಿದೆ. ನಿಮ್ಮಂಗ ಬಂದು ಹೇಳವ್ರು ಕಡಿಮಿ" ಎಂದರು. "ಆದ್ರ ಅವ ಯಾಕ ಮುಟ್ಟಲಿಲ್ರಿ? ನನಗ ನಿದ್ದಿ ಕೆಡಿಸಿದ್ದು ಅದು. ನನಗೂ ಅವ ಬೇಕು." ವಿಭೂತಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಅವನ ಬದ್ಲಿ ನೀವು ಮುಟ್ರಿ. ಅವ ಯಾವತ್ತೂ ಬ್ಯಾರೆ ಹಾಕಿಲ್ಲ ಅಂತ ಹೇಳ್ರಿ. ನಾಳಿ ಮುಂಜಾನಿ ನಾನ ಹಿರೇಕೊಟ್ನೆಕಲ್ಲಿಗೆ ಹೋಗಿ ಕರ್ಕೊಂಡು ಬರ್ತೀನಿ."

ಎಷ್ಟು ಸುಲಭ. ಕೈ ಚಾಚಿದೆ ಕೂಡ. ಆದರೆ ಬೆರಳು ತಟ್ಟೆಯ ಅಂಚಿಗೆ ಬಂದಾಗ, ಆತ ಇದೇ ಜಾಗದಲ್ಲಿ ನಿಂತಿದ್ದು ಕಣ್ಣಿಗೆ ಕಟ್ಟಿತು. ಆತ ಹೇಳದ ಸುಳ್ಳನ್ನು ಆತನ ಹೆಸರಿನಲ್ಲಿ ನಾನು ಹೇಳುವುದೇ? ಕೈ ಹಿಂದೆ ತೆಗೆದೆ. ನಿಜವನ್ನೇ ಬಿಡಿಸಿ ಹೇಳಿದರೆ ಇಂಥ ದೊಡ್ಡ ಮನುಷ್ಯರಿಗೆ ಅರ್ಥವಾಗದೆ ಇರುತ್ತದೆಯೇ ಎಂದುಕೊಂಡೆ. ಕಲ್ಮಲದ ಬಕೀಟಿನ ಕಥೆ ಹೇಳಿದೆ. ಒಂದೇ ಸಲ, ಗೊತ್ತಿಲ್ಲದೆ, ಮಾರಲಿಕ್ಕಲ್ಲ, ಲೋಡು ಮುಟ್ಟಿಸಲಿಕ್ಕೆ ಎಂದೆಲ್ಲ ಹೇಳಿದೆ.

ಸಾವ್ಕಾರರು ಪೂರ್ತಿ ಕೇಳಿ ಎದ್ದು ನಿಂತರು.

"ಹಂಗಾದ್ರ ಹಾಕಿದ್ದು ಖರೆ" ಎಂದರು. ತಟ್ಟೆಯನ್ನು ಎತ್ತಿ ಗೂಡಿನಲ್ಲಿಟ್ಟರು. "ಎರಡು ವರ್ಷ ನನ್ನ ಮುಂದ ದಿನಾ ನಿಂತು ಹೇಳಲಿಲ್ಲ. ಇನ್ನ ಬ್ಯಾಡ್ರಿ ಮೇಸ್ತ್ರಿ."

ಅಂಗಡಿಗೆ ಬಂದು ಆತನಿಗೆ ಫೋನ್ ಮಾಡಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಲೈನು ಕಟ್ಟಾಯಿತೇನೋ ಎಂದು "ಯಣ್ಣಾ?" ಎಂದೆ.

"ಅದೀನ್ರಿ" ಎಂದ ಆತ. ಆಮೇಲೆ ಹೇಳಿದ, "ನನಗ ಮುಟ್ಟಾಕ ಆಗಂಗಿದ್ದಿಲ್ಲ. ನೀವು ಮುಟ್ಟಬಹುದಿತ್ತಲ್ರಿ ಮೇಸ್ತ್ರಿ. ನಿಮಗ ಅದು ಬರೇ ಬೂದಿ."

ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಸಿಟ್ಟಿನಿಂದ ಆಡಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ.